ವಾರ್ನಿಶ್‌ನ ಕೆಳಗೆ

ಎರಡನೆಯ ಮಹಡಿಯ ತಿರುವಿನಲ್ಲಿ ಭೋಜರಾಜರ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು. ಯಾರೋ ಸ್ಟವ್ ಹಚ್ಚುವಾಗ ಒಂದು ಕ್ಷಣ ತಡಮಾಡಿರಬೇಕು ಅಂದುಕೊಂಡು ಇನ್ನೆರಡು ಮೆಟ್ಟಿಲು ಹತ್ತಿದರು. ವಾಸನೆ ಕಡಿಮೆಯಾಗಲಿಲ್ಲ, ಗಟ್ಟಿಯಾಯಿತು. ನಾಲ್ಕು ದಿನದಿಂದ ನವೆಂಬರಿನ ಮಳೆ ಹಿಡಿದುಕೊಂಡಿತ್ತು. ಕೀಲ್ಪಾಕಿನ ಆ ಹಳೆಯ ಫ್ಲ್ಯಾಟುಗಳಲ್ಲಿ ಯಾರೂ ಕಿಟಕಿ ತೆರೆದಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆ. ಬೋರಮ್ಮನವರ ಮಿಕ್ಸಿಯ ಪ್ಲಗ್ಗು ಸಡಿಲವಾಗಿದೆಯಂತೆ ಎಂದು ಅವರು ಸ್ಕ್ರೂಡ್ರೈವರ್ ಹಿಡಿದು ಮೇಲೆ ಹೊರಟಿದ್ದರು.

ಬೋರಮ್ಮನವರ ಬಾಗಿಲ ಮುಂದೆ ನಿಂತು ಅವರು ಕಾಲಿಂಗ್ ಬೆಲ್ಲಿನ ಗುಂಡಿಗೆ ಬೆರಳಿಟ್ಟರು. ಇನ್ನೇನು ಒತ್ತಬೇಕು, ಬೆರಳು ಅಲ್ಲೇ ನಿಂತಿತು. ವಾಸನೆ ಬರುತ್ತಿದ್ದದ್ದು ಈ ಬಾಗಿಲ ಸಂದಿಯಿಂದಲೇ. ಬೆಲ್ ಒತ್ತಿದರೆ ಒಳಗೆಲ್ಲೋ ಒಂದು ಸಣ್ಣ ಕಿಡಿ ಹಾರುತ್ತದೆ. ಮೂವತ್ತನಾಲ್ಕು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ವೈರು, ಸ್ವಿಚ್ಚುಗಳ ನಡುವೆಯೇ ಬದುಕಿದ ಮನುಷ್ಯನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೈ ಹಿಂದಕ್ಕೆ ತೆಗೆದು ಬಾಗಿಲನ್ನು ಮುಷ್ಟಿಯಿಂದ ಬಡಿದರು.

"ಯಾರದು? ದೀಪ ಹಚ್ಬುಟ್ಟು ಬತ್ತೀನಿ, ವಸಿ ತಡೀರಿ," ಎಂದು ಒಳಗಿನಿಂದ ಬೋರಮ್ಮನವರ ದನಿ ಬಂತು.

ಆಕೆಗೆ ಎಪ್ಪತ್ತೆಂಟು ವರ್ಷ. ಎರಡನೆಯ ಕೋವಿಡ್ ಅಲೆಯಲ್ಲಿ ಹದಿನೆಂಟು ದಿನ ಮಲಗಿ ಎದ್ದ ಮೇಲೆ ಮೂಗು ಸತ್ತುಹೋಗಿತ್ತು. ಮಲ್ಲಿಗೆಯಾಗಲಿ, ಸೀದ ಹಾಲಾಗಲಿ, ಆಕೆಗೆ ಏನೂ ತಿಳಿಯುತ್ತಿರಲಿಲ್ಲ. ಮಗ ಅಂದಾನಿ ಪೋರೂರಿನ ಆಫೀಸಿಗೆ, ಸೊಸೆ ಪಾವನಾ ತನ್ನ ಬ್ಯಾಂಕಿಗೆ ಹೋದರೆ ಸಂಜೆಯವರೆಗೂ ಮನೆಯಲ್ಲಿ ಆಕೆಯೊಬ್ಬರೇ.

"ಅಮ್ಮಾ, ಹಚ್ಚಬೇಡಿ. ಬೆಂಕಿಪೊಟ್ಟಣ ಕೆಳಗಿಟ್ಟು ಬನ್ನಿ," ಎಂದರು ಭೋಜರಾಜರು.

"ಯಾಕಪ್ಪ? ಆಯ್ತು ಇರು, ಒಂದೇ ಗಳಿಗೆ."

ಗ್ಯಾಸು ಎಂದು ಹೇಳಿದರೆ ಆಕೆ ಸ್ಟವ್ ಹತ್ತಿರ ಹೋಗಿ ನೋಡುತ್ತಾರೆ, ಕತ್ತಲೆಯಾದ ಅಡಿಗೆಮನೆಯಲ್ಲಿ ಲೈಟಿನ ಸ್ವಿಚ್ಚು ಒತ್ತುತ್ತಾರೆ. ವಿವರಿಸುತ್ತ ನಿಂತರೆ ಅಷ್ಟರಲ್ಲಿ ಕಡ್ಡಿ ಗೀರಿಬಿಡುತ್ತಾರೆ. ಭೋಜರಾಜರ ಬಾಯಿಂದ ತಮಗೇ ಗೊತ್ತಿಲ್ಲದೆ ಒಂದು ಸುಳ್ಳು ಹೊರಟಿತು.

"ಎದೆ ನೋಯ್ತಿದೆ ಅಮ್ಮ. ಬಾಗಿಲು ತೆಗೀರಿ, ಬೀಳ್ತೀನಿ."

ಒಳಗೆ ಏನೋ ನೆಲಕ್ಕೆ ಬಿದ್ದ ಸದ್ದು, ಬರಿಗಾಲ ಸಪ್ಪಳ. ಬಾಗಿಲು ತೆರೆಯಿತು. ಬೋರಮ್ಮ ಎರಡೂ ಕೈಯಲ್ಲಿ ಅವರ ತೋಳು ಹಿಡಿದು "ಕೂತ್ಕೊ ಕೂತ್ಕೊ" ಎನ್ನುತ್ತಿದ್ದರೆ ಭೋಜರಾಜರು ಆಕೆಯನ್ನು ದಾಟಿಕೊಂಡು ಅಡಿಗೆಮನೆಗೆ ಓಡಿದರು. ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿದಿತ್ತು. ಉರಿ ಆರಿ ಎಷ್ಟು ಹೊತ್ತಾಗಿತ್ತೋ, ಬರ್ನರು ಹಾಗೇ ಸಣ್ಣಗೆ ಸುಯ್ಯೆನ್ನುತ್ತಿತ್ತು. ಅವರು ರೆಗ್ಯುಲೇಟರ್ ತಿರುಗಿಸಿ ನಿಲ್ಲಿಸಿದರು, ಕಿಟಕಿಯ ಎರಡೂ ಬಾಗಿಲನ್ನು ತಳ್ಳಿದರು. ದೇವರ ಗೂಡಿನ ಕೆಳಗೆ ಬೆಂಕಿಪೊಟ್ಟಣ ತೆರೆದು ಬಿದ್ದಿತ್ತು, ಕಡ್ಡಿಗಳು ಚೆಲ್ಲಿದ್ದವು.

ಆಗ ಅವರ ಕಣ್ಣಿಗೆ ಅದು ಬಿತ್ತು. ಸಿಲಿಂಡರಿನ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ, ಅವರೇ ತಮ್ಮ ಕೈಯಾರೆ ಮಾಡಿ ಸಿಕ್ಕಿಸಿದ್ದ ಗ್ಯಾಸ್ ಅಲಾರಂ. ಅದರ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಸದ್ದಿಲ್ಲ.

ಎಷ್ಟು ಹೊತ್ತು ಅದನ್ನೇ ನೋಡುತ್ತ ನಿಂತಿದ್ದರೋ. ಫ್ರಿಜ್ಜಿನ ಮೋಟರು ಯಾವ ಗಳಿಗೆಯಲ್ಲಾದರೂ ತಾನಾಗಿಯೇ ಶುರುವಾಗಬಹುದೆಂಬುದು ಹೊಳೆದಾಗಲೇ ಅವರಿಗೆ ಎಚ್ಚರವಾಗಿದ್ದು. ಬೋರಮ್ಮನವರ ಕೈ ಹಿಡಿದು ದರದರನೆ ಮೆಟ್ಟಿಲಿಳಿಸಿ ಕೆಳಗಿನ ತಮ್ಮ ಮನೆಗೆ ಕರೆತಂದರು. ಆಕೆ ಇನ್ನೂ ಅವರ ಎದೆಯ ಬಗ್ಗೆಯೇ ಕೇಳುತ್ತಿದ್ದರು. ವಿಷಯ ತಿಳಿದ ಮೇಲೆ ಸೋಫಾದ ಅಂಚಿನಲ್ಲಿ ಕುಸಿದು ಕೂತು, ತಮ್ಮ ಬಲಗೈಯನ್ನು, ಕಡ್ಡಿ ಹಿಡಿದಿದ್ದ ಎರಡು ಬೆರಳನ್ನು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಭೋಜರಾಜರ ಹೆಂಡತಿ ವಾಸಂತಿ ಕೊಟ್ಟ ನೀರನ್ನು ಅವರು ಕುಡಿಯಲೇ ಇಲ್ಲ.

ಮುಕ್ಕಾಲು ಗಂಟೆ ಬಿಟ್ಟು, ಮನೆಯೆಲ್ಲ ಗಾಳಿಯಾಡಿದ ಮೇಲೆ, ಭೋಜರಾಜರು ಮೇಲೆ ಹೋಗಿ ಅಲಾರಂ ಕಿತ್ತು ತಂದರು. ಮೇಜಿನ ಮೇಲಿಟ್ಟು ನಾಲ್ಕು ತಿರುಪು ಬಿಚ್ಚಿ ಭೂತಗನ್ನಡಿ ಹಿಡಿದರು. ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಅವರು ಬಳಿದಿದ್ದ ವಾರ್ನಿಶ್ ಗಾಜಿನಂತೆ ಹೊಳೆಯುತ್ತಿತ್ತು. ಅದರ ಕೆಳಗೆ, ಸದ್ದು ಮಾಡುವ ಬಜರಿಗೆ ಹೋಗುವ ಗೆರೆಯ ನಡುವೆ, ಅಕ್ಕಿಕಾಳಿನಷ್ಟು ಉದ್ದಕ್ಕೆ ತಾಮ್ರವೇ ಇರಲಿಲ್ಲ. ಅದಿದ್ದ ಜಾಗದಲ್ಲಿ ತಿಳಿಹಸಿರು ಪುಡಿ ತುಂಬಿತ್ತು.

ಮೂರು ವರ್ಷದ ಹಿಂದೆ ಅಂದಾನಿ ಅಂಗಡಿಯಿಂದ ಒಂದು ಅಲಾರಂ ತರಿಸುತ್ತೇನೆಂದು ಹೊರಟಿದ್ದಾಗ ತಡೆದವರು ಇವರೇ. ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು, ನಾನು ಮಾಡಿಕೊಡುತ್ತೇನೆ, ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಎಂದಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಇದೇ ಹುಚ್ಚು. ತಾಮ್ರದ ಹಾಳೆ ಹೊದಿಸಿದ ಬೋರ್ಡನ್ನು ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತಂದು, ಗೆರೆಗಳನ್ನು ಮಾರ್ಕರಿನಿಂದ ಬರೆದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಬೇಡದ ತಾಮ್ರವನ್ನು ಕರಗಿಸುವುದು. ಸಮುದ್ರದ ಗಾಳಿಗೆ ಈ ಊರಿನಲ್ಲಿ ಬರಿ ತಾಮ್ರ ಒಂದು ವಾರದಲ್ಲಿ ಕಪ್ಪಾಗುತ್ತದೆಂದು ಅದರ ಮೇಲೆ ಎರಡು ಕೈ ವಾರ್ನಿಶ್ ಹೊಡೆಯುವುದು. ಆ ಹೊಳಪನ್ನು ಬಂದವರಿಗೆಲ್ಲ ತೋರಿಸುವುದು.

ಹನ್ನೆರಡೂವರೆಗೆ ಅಂದಾನಿ ಮಳೆಯಲ್ಲಿ ತೋಯ್ದುಕೊಂಡೇ ಬಂದ. ತಾಯಿಯನ್ನು ಮುಟ್ಟಿ ನೋಡಿದ. ಆಮೇಲೆ ಭೋಜರಾಜರ ಕಡೆ ತಿರುಗಿ, ತಡೆಯುವಷ್ಟರಲ್ಲಿ ಬಗ್ಗಿ ಅವರ ಪಾದ ಮುಟ್ಟಿದ.

"ನೀವ್ ಇಲ್ದಿದ್ರೆ ನಮ್ಮವ್ವ ಇರ್ತಿರ್ಲಿಲ್ಲ ಸಾರ್. ಅಲಾರಂ ಕೇಳ್ಸಿ ಓಡ್ಬಂದ್ರಾ?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಬೋರ್ಡು ಅವರ ಮೇಜಿನ ಮೇಲೇ ಇತ್ತು, ಗೆರೆಯನ್ನು ಐದು ನಿಮಿಷದಲ್ಲಿ ಬೆಸೆದು ವಾಪಸು ಸಿಕ್ಕಿಸಬಹುದಿತ್ತು. ಆ ಯೋಚನೆ ತಮಗೆ ಬಂತಲ್ಲ ಎಂಬುದೇ ಭೋಜರಾಜರಿಗೆ ಇನ್ನೊಂದು ಆಘಾತವಾಯಿತು.

"ಅಲಾರಂ ಹೊಡೀಲಿಲ್ಲಪ್ಪ," ಎಂದರು. "ಸತ್ತುಹೋಗಿತ್ತು. ಎಷ್ಟು ದಿನದಿಂದ ಅಂತ ನನಗೂ ಗೊತ್ತಿಲ್ಲ. ತಪ್ಪು ನನ್ನದೇ."

ಅಂದಾನಿ ಮೇಜಿನ ಹತ್ತಿರ ಹೋಗಿ ಬೋರ್ಡನ್ನು ನೋಡಿದ. "ದಿನಾ ಬೆಳಗ್ಗೆ ಆಫೀಸ್ಗೆ ಹೋಗುವಾಗ ಹಸಿರು ಲೈಟ್ ನೋಡ್ಕಂಡೇ ಹೋಗ್ತಿದ್ದೆ ಸಾರ್," ಎಂದ. ಅಷ್ಟೇ. ತಾಯಿಯ ಕೈ ಹಿಡಿದು ಮೇಲೆ ಕರೆದುಕೊಂಡು ಹೋದ. ಮರುದಿನ ಅವರ ಗೋಡೆಯ ಮೇಲೆ ಅಂಗಡಿಯಿಂದ ಬಂದ ಬಿಳಿಯ ಅಲಾರಂ ಇತ್ತೆಂದು ವಾಸಂತಿ ಹೇಳಿದರು.

ಅಂದಾನಿ ಅತ್ತ ಹೋದ ಮೇಲೆ ಭೋಜರಾಜರು ಮಧ್ಯಾಹ್ನದ ಊಟ ಬಿಟ್ಟು ಆ ಅಲಾರಂನ ನಕ್ಷೆಯನ್ನು ಹಾಳೆಯ ಮೇಲೆ ಮತ್ತೆ ಬರೆದರು. ಹಸಿರು ದೀಪದ ಗೆರೆ ಕರೆಂಟು ಬರುವ ಕಡೆಯಿಂದ ನೇರವಾಗಿ ಬಂದಿತ್ತು. ಸೆನ್ಸರಿಗೂ ಬಜರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಳಗೆ ಎಲ್ಲ ಕೊಳೆತುಹೋದರೂ ದೀಪ ಉರಿಯುತ್ತದೆ. ಅವರು ಪೆನ್ಸಿಲ್ ಕೆಳಗಿಟ್ಟರು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಅವರಿಗೆ ಕಲಿಸಿದ್ದು ಒಂದೇ ಪಾಠ. ವೈರು ತುಂಡಾಗಲಿ, ಬ್ಯಾಟರಿ ಸಾಯಲಿ, ರಿಲೇ ಕೆಡಲಿ, ಏನೇ ಆದರೂ ಸಿಗ್ನಲ್ಲು ಕೆಂಪಾಗಬೇಕು. ಕೆಟ್ಟುಹೋದ ಸಿಗ್ನಲ್ಲು ಹಸಿರು ತೋರಿಸಿದರೆ ಅದು ಕೊಲೆ. ಎಷ್ಟು ಹುಡುಗರಿಗೆ ಅವರೇ ಅದನ್ನು ಬೈದು ಕಲಿಸಿದ್ದರು. ಮನೆಗೆ ಬಂದು, ಯಾರೂ ತನಿಖೆ ಮಾಡದ ಮೇಜಿನ ಮುಂದೆ ಕೂತು, ಚೆನ್ನಾಗಿ ಕಾಣುತ್ತದೆಂದು ಒಂದು ಹಸಿರು ದೀಪ ಹಾಕಿಬಿಟ್ಟಿದ್ದರು.

"ರೀ," ಎಂದರು ವಾಸಂತಿ, ಬಾಗಿಲಲ್ಲಿ ನಿಂತು. "ಇಂಥದ್ದು ಇನ್ನೂ ಎಷ್ಟು ಮನೆಗೆ ಕೊಟ್ಟಿದ್ದೀರಿ?"

ಆ ಪ್ರಶ್ನೆ ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರು ಬೆರಳು ಮಡಿಸಿ ಎಣಿಸಿದರು. ಬೋರಮ್ಮನವರದ್ದು ಸೇರಿ ಒಟ್ಟು ಒಂಬತ್ತು. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿದ್ದು. ಯಾವ ವಾರವೆಂದು ನೆನಪಿಸಿದವರೂ ವಾಸಂತಿಯೇ. ಕಟ್ಟಡದ ನೀರಿನ ಮೋಟರು ಸುಟ್ಟುಹೋಗಿ ಐದು ದಿನ ಕೆಳಗಿನಿಂದ ಬಿಂದಿಗೆಯಲ್ಲಿ ನೀರು ಹೊತ್ತಿದ್ದು ಆಗಲೇ. ಅಡಿಗೆಗೇ ನೀರಿಲ್ಲ, ನಿಮ್ಮ ಬೋರ್ಡು ತೊಳೆಯುವುದಕ್ಕೆ ಒಂದು ಬಕೆಟ್ಟಿಗಿಂತ ಹೆಚ್ಚು ಕೊಡುವುದಿಲ್ಲ ಎಂದು ತಾವೇ ಹೇಳಿದ್ದು ವಾಸಂತಿಗೆ ಚೆನ್ನಾಗಿ ನೆನಪಿತ್ತು. ಒಂಬತ್ತು ಬೋರ್ಡನ್ನೂ ಭೋಜರಾಜರು ಅದೇ ಬಕೆಟ್ಟಿನಲ್ಲಿ ಅದ್ದಿ ತೆಗೆದಿದ್ದರು. ಕೊನೆಕೊನೆಗೆ ಆ ನೀರು ಚಹದ ಬಣ್ಣಕ್ಕೆ ತಿರುಗಿತ್ತು.

ಸಂಜೆಯೇ ಅವರು ಬೋರ್ಡನ್ನು ಪೇಪರಿನಲ್ಲಿ ಸುತ್ತಿಕೊಂಡು ಗುರುಚರಣರ ಮನೆಗೆ ಹೋದರು. ಗುರುಚರಣ ರೈಲ್ವೆ ಕಾಲೊನಿಯ ಕಾಲದ ಗೆಳೆಯ. ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಕಂಚಿನ ವಿಗ್ರಹಗಳು ಕೆಡದಂತೆ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಸೂಜಿಯ ತುದಿಯಿಂದ ವಾರ್ನಿಶ್ ಕೆರೆದು ಹಸಿರು ಪುಡಿಯನ್ನು ನೋಡಿದವರೇ ತಲೆಯಾಡಿಸಿದರು.

"ಇದು ಗಾಳಿಗೆ ಕಪ್ಪಾಗಿದ್ದಲ್ಲ ಕಣೋ. ಬರೀ ಕಪ್ಪಾದ್ರೆ ತಾಮ್ರ ಉಳ್ಕೊಳತ್ತೆ. ಇದು ಕ್ಲೋರೈಡು, ಆ ದ್ರಾವಣದ್ದೇ. ವಸಿ ತೇವ ಸಿಕ್ಕಿದ್ರೂ ತಾಮ್ರಾನ ತಿಂತಾ ಹೋಗತ್ತೆ, ತಾನು ಮಾತ್ರ ಖರ್ಚಾಗೋದೇ ಇಲ್ಲ. ವಿಗ್ರಹಕ್ಕೆ ಇದು ಬಂದ್ರೆ ನಾವು ವಾರಗಟ್ಟಲೆ ನೀರು ಬದಲಾಯಿಸಿ ಬದಲಾಯಿಸಿ ತೊಳೀತಿದ್ವಿ. ನೀನು ಸರಿಯಾಗಿ ತೊಳೀದೇನೇ ಮೇಲೆ ವಾರ್ನಿಶ್ ಹೊಡೆದಿದೀಯ."

"ಹಾಗಾದ್ರೆ ಮಿಕ್ಕ ಎಂಟೂ?"

"ನೋಡದೆ ಹೇಳಕ್ಕಾಗಲ್ಲ. ಹೊರಗಿಂದ ಎಲ್ಲಾ ಒಂದೇ ಥರ ಇರತ್ತೆ."

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಭೋಜರಾಜರು ಮನೆ ಬಿಟ್ಟರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಜೇಬಿನಲ್ಲಿ ಸಿಗರೇಟು ಹಚ್ಚುವ ಲೈಟರು. ಒಲೆ ಆರಿಸಿ, ಕಿಡಿ ಹೊತ್ತಿಸದೆ ಲೈಟರಿನ ಗ್ಯಾಸನ್ನಷ್ಟೇ ಸೆನ್ಸರಿಗೆ ಊದಿದರೆ ಅಲಾರಂ ಹೊಡೆಯಬೇಕು. ಆ ದಿನ ಮತ್ತು ಮಾರನೆಯ ದಿನ ಅವರು ಏಳು ಮನೆ ಸುತ್ತಿದರು. ಮೂರು ಅಲಾರಂ ಕೂಗಿದವು. ನಾಲ್ಕು ಕೂಗಲಿಲ್ಲ. ಕೂಗದ ನಾಲ್ಕರಲ್ಲೂ ಹಸಿರು ದೀಪ ಉರಿಯುತ್ತಿತ್ತು. ಪ್ರತಿ ಮನೆಯಲ್ಲೂ ಅವರು ಅದೇ ಮಾತು ಹೇಳಬೇಕಾಯಿತು: ನಾನು ಮಾಡಿಕೊಟ್ಟದ್ದು ಕೆಟ್ಟಿದೆ, ತಪ್ಪು ನನ್ನದು, ವಾಪಸು ಕೊಡಿ. ಒಬ್ಬರು ಕಾಫಿ ಕೊಟ್ಟು ಪರವಾಯಿಲ್ಲ ಬಿಡಿ ಎಂದರು. ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಿಸಿ, ಮನೆಯಲ್ಲಿ ಮೊಮ್ಮಗು ಇರುವುದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ಭೋಜರಾಜರಿಗೆ ಎರಡನೆಯವರ ಮಾತೇ ಸರಿಯೆನಿಸಿತು. ಕೂಗಿದ ಮೂರನ್ನೂ ಅವರು ಬಿಡದೆ ಚೀಲಕ್ಕೆ ಹಾಕಿಕೊಂಡರು. ಮನೆಗೆ ಬಂದು ಬಿಚ್ಚಿದಾಗ ಎರಡರಲ್ಲಿ ವಾರ್ನಿಶ್‌ನ ಕೆಳಗೆ ಹಸಿರು ಚುಕ್ಕೆಗಳು ಆಗಲೇ ಕಾಣಿಸಿಕೊಂಡಿದ್ದವು.

ಒಂಬತ್ತನೆಯದು ವಿಮಾ ಕಂಪನಿಯ ಶ್ರೀಕಾಂತನದ್ದು. ಅವನಿಗೆ ಕಳೆದ ವರ್ಷ ತಿರುಚ್ಚಿಗೆ ವರ್ಗವಾಗಿತ್ತು. ಹಳೆಯ ನಂಬರಿಗೆ ಹೋದ ಕರೆಗಳಿಗೆ ಉತ್ತರವಿರಲಿಲ್ಲ. ಅವರಿವರನ್ನು ಕೇಳಿ, ಮೂರನೆಯ ದಿನ ಅವನ ಹೆಂಡತಿ ವಿಭಾಳ ನಂಬರು ಸಿಕ್ಕಿತು. ಆಕೆ ಬಹಳ ಖುಷಿಯಿಂದ ಮಾತಾಡಿಸಿದಳು. ಮಗಳಿಗೆ ಒಂಬತ್ತು ತಿಂಗಳಂತೆ, ಅಂಬೆಗಾಲಿಡುತ್ತಿದ್ದಾಳಂತೆ. ಭೋಜರಾಜರು ಮಾತು ತಡೆದು, ಅಲಾರಂ ಎಲ್ಲಿದೆ ಎಂದು ಕೇಳಿದರು.

"ಅಡಿಗೆಮನೇಲೇ ಇದೆ ಅಂಕಲ್. ಇಲ್ಲಿಗೆ ಬಂದ ದಿನವೇ ಹಾಕಿದ್ವಿ. ಲೈಟ್ ಉರೀತಾ ಇದೆ. ಅದು ಇದೆಯಲ್ಲ ಅಂತ ನಾವು ರಾತ್ರಿ ರೆಗ್ಯುಲೇಟರ್ ಕೂಡ ಆಫ್ ಮಾಡಲ್ಲ."

ಭೋಜರಾಜರು ಕೂತಲ್ಲೇ ಕುರ್ಚಿಯ ಕೈ ಹಿಡಿದುಕೊಂಡರು. ಅಲಾರಂ ಇಲ್ಲದಿದ್ದರೆ ಈ ಹುಡುಗಿ ಎಲ್ಲರಂತೆ ಮಲಗುವ ಮುಂಚೆ ರೆಗ್ಯುಲೇಟರ್ ತಿರುಗಿಸುತ್ತಿದ್ದಳು. ಒಂದು ವರ್ಷದಿಂದ ತಿರುಗಿಸಿಲ್ಲ, ಇವರನ್ನು ನಂಬಿ.

"ಮಗಳೇ, ಕೇಳು," ಎಂದರು. "ಈಗಲೇ ಹೋಗಿ ರೆಗ್ಯುಲೇಟರ್ ಆಫ್ ಮಾಡು. ಫೋನ್ ಇಡಬೇಡ, ನಾನು ಕಾಯ್ತೀನಿ. ಆ ಅಲಾರಂನ ನಂಬಬೇಡ. ನಾಳೆ ನಾನೇ ಬರ್ತೀನಿ."

ಅತ್ತ ಕಡೆ ಸ್ವಲ್ಪ ಹೊತ್ತು ಮಗುವಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ವಿಭಾ ಬಂದು, ಮಾಡಿದೆ ಅಂಕಲ್ ಎಂದಳು. ಆಕೆಯ ದನಿಯಲ್ಲಿದ್ದ ಖುಷಿ ಹೋಗಿತ್ತು.

ಆ ದಿನವೆಲ್ಲ ಅವರು ಮೇಜು ಬಿಟ್ಟು ಏಳಲಿಲ್ಲ. ಹೊಸ ಬೋರ್ಡು ಕೊರೆದರು. ಹರಿಯುವ ನಲ್ಲಿಯ ಕೆಳಗೆ ಹಿಡಿದು ಮೃದುವಾದ ಬ್ರಷ್ಷಿನಿಂದ ಉಜ್ಜಿದರು. ಅಡುಗೆ ಸೋಡಾ ಕಲೆಸಿದ ನೀರಿನಲ್ಲಿ ನೆನೆಸಿಟ್ಟರು, ಮತ್ತೆ ತೊಳೆದರು, ಕೊನೆಗೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಮೂರು ಸಲ. ಒಣಗಿದ ಮೇಲೆ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ಪ್ರತಿ ಗೆರೆಯ ಮೇಲೂ ತೆಳ್ಳಗೆ ಬೆಸುಗೆಯ ತವರ ಹರಿಸಿದರು. ತಾಮ್ರದ ಕೆಂಪು ಎಲ್ಲೂ ಕಾಣದೆ ಬೋರ್ಡು ಬೆಳ್ಳಿಯ ಬಣ್ಣಕ್ಕೆ ಬಂತು. ಬೆಸುಗೆಯ ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ ತೆಗೆದು, ಆಮೇಲೆಯೇ ವಾರ್ನಿಶ್. ನಕ್ಷೆಯನ್ನೂ ಬದಲಾಯಿಸಿದ್ದರು. ಒಂದು ಸಣ್ಣ ಕರೆಂಟು ಎಲ್ಲ ಗೆರೆಗಳನ್ನೂ ಸುತ್ತಿ ಬರುತ್ತಿರಬೇಕು. ಎಲ್ಲಿ ತುಂಡಾದರೂ, ಪ್ಲಗ್ಗು ಕಿತ್ತರೂ, ಒಳಗಿನ ಬ್ಯಾಟರಿಯಿಂದ ಬಜರು ಕೂಗಬೇಕು. ಹಸಿರು ದೀಪ ಹಾಕಲಿಲ್ಲ.

ವಾಸಂತಿ ಪಕ್ಕದಲ್ಲಿ ನಿಂತು ಒಂದೊಂದೇ ನೀರಿನ ಬಟ್ಟಲು ಬದಲಾಯಿಸಿ ಕೊಟ್ಟರು. ಬಕೆಟ್ಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ ವಾಸಂತಿ, ಆಗ ನಾನು ಇನ್ನೊಂದು ಬಿಂದಿಗೆ ತಂದುಕೊಡಬಹುದಿತ್ತು ಎಂದರು. ಭೋಜರಾಜರು ತಲೆಯೆತ್ತದೆ, ನಾನು ಕಾಯಬಹುದಿತ್ತು ಎಂದರು.

ಮಾರನೆಯ ದಿನ ಬೆಳಿಗ್ಗೆ ಎಗ್ಮೋರಿನಿಂದ ರೈಲು ಹಿಡಿದು ಮಧ್ಯಾಹ್ನ ತಿರುಚ್ಚಿ ಮುಟ್ಟಿದರು. ವಿಭಾಳ ಅಡಿಗೆಮನೆಯಲ್ಲಿ ಹಳೆಯ ಅಲಾರಂ ಇನ್ನೂ ಗೋಡೆಯ ಮೇಲಿತ್ತು. ಸ್ಟವ್ ಆರಿದೆಯೆಂದು ನೋಡಿಕೊಂಡು ಅವರು ಲೈಟರಿನ ಗ್ಯಾಸು ಊದಿದರು. ಏನೂ ಇಲ್ಲ. ಮತ್ತೆ ಊದಿದರು. ವಿಭಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಆ ಹಸಿರು ದೀಪವನ್ನೇ ನೋಡುತ್ತಿದ್ದಳು. ಆಕೆಯ ಮುಖ ಬಿಳಿಚಿಕೊಳ್ಳುತ್ತ ಹೋದದ್ದನ್ನು ಭೋಜರಾಜರು ಕಂಡರು. ಕಣ್ಣು ತಪ್ಪಿಸಲಿಲ್ಲ.

ಹೊಸದನ್ನು ಸಿಕ್ಕಿಸಿ, ಸೆನ್ಸರು ಬಿಸಿಯಾದ ಮೇಲೆ ಊದಿದಾಗ ಅದು ಕಿವಿ ಕಿತ್ತುಹೋಗುವಂತೆ ಕೂಗಿತು. ಮಗು ಬೆಚ್ಚಿಬಿದ್ದು ಅಳತೊಡಗಿತು. ಭೋಜರಾಜರು ಆ ಅಡಿಗೆಮನೆಯ ನೆಲದ ಮೇಲೇ ಕೂತುಬಿಟ್ಟರು. ವಿಭಾ ನೀರು ತಂದು ಕೊಟ್ಟಳು. ಇದಕ್ಕೆ ಲೈಟೇ ಇಲ್ಲವಲ್ಲ ಅಂಕಲ್, ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತಾಗುತ್ತೆ ಎಂದು ಕೇಳಿದಳು.

"ಲೈಟ್ ನೋಡಿದ್ರೆ ಗೊತ್ತಾಗಲ್ಲ," ಎಂದರು. "ತಿಂಗಳಿಗೊಂದು ಸಲ ಹೀಗೇ ಊದಿ ನೋಡು. ಕೂಗಲಿಲ್ಲ ಅಂದ್ರೆ ಬಿಸಾಕು. ಕೂಗಿದ್ರೂ ರಾತ್ರಿ ರೆಗ್ಯುಲೇಟರ್ ಆಫ್ ಮಾಡಿಯೇ ಮಲಗು."

ಶ್ರೀಕಾಂತ ಸಂಜೆ ಬಂದು, ಉಳಿದುಕೊಳ್ಳಿ ಎಂದು ಒತ್ತಾಯ ಮಾಡಿದ. ಅವರು ಉಳಿಯಲಿಲ್ಲ.

ಮಿಕ್ಕ ಮನೆಗಳಿಗೆ ಅವರು ಒಂದು ತಿಂಗಳಲ್ಲಿ ಹೊಸ ಬೋರ್ಡು ಮಾಡಿದರು. ಇಬ್ಬರು ಬೇಡವೆಂದರು, ಅವರು ಬಲವಂತ ಮಾಡಲಿಲ್ಲ. ಅಂದಾನಿ ಅಷ್ಟೂ ದಿನ ಮೆಟ್ಟಿಲಲ್ಲಿ ಎದುರಾದರೆ ತಲೆ ಬಾಗಿಸಿ ಸರಿದುಹೋಗುತ್ತಿದ್ದ. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅವನು ಬಾಗಿಲು ತಟ್ಟಿದ. ಕೈಯಲ್ಲಿ ಅಂಗಡಿಯಿಂದ ತಂದ ಆ ಬಿಳಿಯ ಡಬ್ಬಿ ಇತ್ತು.

"ಸಾರ್, ಇದೂ ಹಂಗೇ ಆಗಿರ್ಬೋದಾ?"

"ಗೊತ್ತಿಲ್ಲಪ್ಪ," ಎಂದರು ಭೋಜರಾಜರು. "ಒಳಗೆ ಬಾ, ನೋಡೋಣ."

ಅಂದಾನಿ ಚಪ್ಪಲಿ ಬಿಟ್ಟು ಒಳಗೆ ಬಂದು ಮೇಜಿನ ಎದುರಿನ ಕುರ್ಚಿಯಲ್ಲಿ ಕೂತ. ಪ್ಲಗ್ಗಿಗೆ ಸಿಕ್ಕಿಸಿ, ಸೆನ್ಸರು ಬಿಸಿಯಾಗಲೆಂದು ಇಬ್ಬರೂ ಕಾದರು. ಆಮೇಲೆ ಭೋಜರಾಜರು ಲೈಟರನ್ನು ಅವನ ಕೈಗೇ ಕೊಟ್ಟು, ನೀನೇ ಊದು ಎಂದರು.